ಪ್ರೋಬ್ 12 ಕನೂ: 20 ನಿಮಿಷಕ್ಕೆ ಕಾಲು ಜೋಮು, ಡಿ-ರಿಂಗ್ ಕಿತ್ತು ಬಂದಿದೆ, ಮೂತಿ ಅಲೆಗೆ ಕುಕ್ಕುತ್ತದೆ

ಹೊಸ ಅಂಬಿಗ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಟ್ಲಾಂಟಾದಲ್ಲಿ. ಹೋದ ವರ್ಷ ಮೊಹಾಕ್ ಕಂಪನಿಯ ಒಂದು ಹಳೇ ಪ್ರೋಬ್ 12 ಕನೂ ಕೊಂಡೆ. ರಾಯಲೆಕ್ಸ್ ಅನ್ನುವ ಪದರ ಪದರದ ಪ್ಲಾಸ್ಟಿಕ್ ಹಾಳೆಯ 12 ಅಡಿ ದೋಣಿ, ಒಬ್ಬರೇ ಮೊಣಕಾಲೂರಿ ನಡೆಸುವಂಥದ್ದು. ಒಳಗಿನ ಜೋಡಣೆಯೆಲ್ಲ ಹಿಂದಿನ ಮಾಲೀಕರೇ ಮಾಡಿಕೊಂಡಿದ್ದು: ನಡುವೆ ಫೋಮ್ ಸ್ಯಾಡಲ್ (ಕುದುರೆಯ ಜೀನಿನ ಹಾಗೆ ಕಾಲು ಆಚೀಚೆ ಹಾಕಿ ಕೂರುವ ಪೀಠ), ಮೊಣಕಾಲಿಗೆ ಪ್ಯಾಡ್, ತೊಡೆಯ ಮೇಲೆ ಸ್ಟ್ರಾಪ್, ಹಿಂದೆ ಮುಂದೆ ಗಾಳಿ ತುಂಬಿದ ಏರ್‌ಬ್ಯಾಗ್.

ನಿನ್ನೆ ನಾರ್ತ್ ಕೆರೊಲಿನಾದ ನಾಂಟಹಾಲಾ ನದಿಗೆ ಇಳಿಸಿದ್ದೆ. ಮೂರು ತೊಂದರೆ ಆಯಿತು.

ಒಂದು, 20 ನಿಮಿಷ ಆಗುವಷ್ಟರಲ್ಲಿ ಎರಡೂ ಪಾದ ಜೋಮು ಹಿಡಿಯುತ್ತವೆ, ಬಲಗಾಲು ಜಾಸ್ತಿ. ದಡಕ್ಕೆ ಬಂದು ಎದ್ದು ನಿಲ್ಲಲು ಹೋದರೆ ಕಾಲು ನನ್ನದೇ ಅಲ್ಲ ಅನ್ನಿಸುತ್ತದೆ. ಎರಡು, ಬಲಗಡೆ ಸ್ಟ್ರಾಪ್ ಹಿಡಿದಿದ್ದ ಡಿ-ರಿಂಗ್ ಪಟ್ಟಿ (ದೋಣಿಗೆ ಅಂಟಿಸಿದ, ಡಿ ಆಕಾರದ ಬಳೆ ಇರುವ ತುಂಡು) ಅರ್ಧ ದಾರಿಯಲ್ಲಿ ಕಿತ್ತು ಬಂತು. ಮೂರು, ಸಣ್ಣ ಅಲೆಗೂ ದೋಣಿಯ ಮೂತಿ ಕುಕ್ಕಿ ಮಡಿಲಿಗೆ ನೀರು ಬರುತ್ತದೆ.

ನನ್ನ ಎತ್ತರ 5 ಅಡಿ 11 ಇಂಚು, ತೂಕ 84 ಕಿಲೋ. ಸ್ಟ್ರಾಪ್ ಬದಲಾಯಿಸಿದರೆ ಸರಿಹೋಗುತ್ತದಾ? ಒಳ್ಳೆಯ ಅಗಲದ ಸ್ಟ್ರಾಪ್ ಯಾವುದು ಹೇಳಿ.

ಕಾಳಿ ತೀರದವಳು (ಭಾನುವಾರ ರಾತ್ರಿ)

ಸ್ಟ್ರಾಪ್ ಈಗಲೇ ಕೊಳ್ಳಬೇಡಿ. ಮೂರೂ ಒಂದೇ ಕಡೆಯಿಂದ ಬಂದ ತೊಂದರೆ ಅಂತ ನನಗನ್ನಿಸುತ್ತದೆ. ಆದರೆ ನೋಡದೆ ಹೇಳುವುದು ತಪ್ಪು. ಮೊದಲು ಮನೆಯಲ್ಲೇ ಇಷ್ಟು ಮಾಡಿ.

ದೋಣಿಯನ್ನು ಹುಲ್ಲಿನ ಮೇಲಿಟ್ಟು, ನದಿಗೆ ಹಾಕುವ ಅದೇ ಶೂ ಹಾಕಿಕೊಂಡು, ಸ್ಟ್ರಾಪ್ ಇಲ್ಲದೆ 20 ನಿಮಿಷ ಕೂತು ನೋಡಿ. ಆಗಲೂ ಜೋಮು ಬಂದರೆ ತಪ್ಪು ಸ್ಟ್ರಾಪಿನದಲ್ಲ, ಚಳಿಯದ್ದೂ ಅಲ್ಲ. ನಾಂಟಹಾಲಾದಲ್ಲಿ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅಲ್ಲಿಗೆ ಬರುವುದು ಮೇಲಿನ ಜಲಾಶಯದ ತಳದ ನೀರು. ಬೇಸಿಗೆಯಲ್ಲೂ 10 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ.

ಆಮೇಲೆ ಟವೆಲ್ ಸುತ್ತಿ ಎರಡೂ ಕಣಕಾಲಿನ ಕೆಳಗಿಟ್ಟು ಕೂತು ನೋಡಿ. ಮತ್ತೊಂದು ಸಲ, ಟವೆಲ್ ಕಾಲಿನಿಂದ ತೆಗೆದು ಸ್ಯಾಡಲ್ ಮೇಲೆ ಮಡಿಸಿ ಹಾಕಿಕೊಂಡು ನೋಡಿ. ಯಾವುದರಲ್ಲಿ ಎಷ್ಟು ನಿಮಿಷಕ್ಕೆ ಜೋಮು ಬಂತು ಬರೆದುಕೊಳ್ಳಿ. ಮಧ್ಯೆ ಚೆನ್ನಾಗಿ ಓಡಾಡಿ, ಕಾಲು ಪೂರ್ತಿ ಸರಿಹೋದ ಮೇಲೆ ಮುಂದಿನದು.

ಜೊತೆಗೆ ಸ್ಯಾಡಲ್ ಎತ್ತರ, ಅದರ ಮುಂದಿನ ಅಂಚು ದೋಣಿಯ ನಡುಮಧ್ಯದಿಂದ ಎಷ್ಟು ದೂರ ಅಂತ ಅಳೆಯಿರಿ. ಪಟ್ಟಿ ಕಿತ್ತು ಬಂದ ಜಾಗದಲ್ಲಿ ಅಂಟು ಹೇಗಿದೆ? ಒಣಗಿ ಪುಡಿಯಾಗಿದೆಯೋ, ಮೆತ್ತಗಿದೆಯೋ?

ಹುಟ್ಟು ಹಿಡಿದವ (ಸೋಮವಾರ)

ದಿನಾ 10 ನಿಮಿಷ ವಜ್ರಾಸನ ಮಾಡಿ ಸರ್. ನನಗೂ ಮೊದಲು ಹೀಗೇ ಆಗುತ್ತಿತ್ತು. ಸ್ಟ್ರಾಪನ್ನು ಮಾತ್ರ ಬಿಗಿಯಾಗಿಡಿ. ಸಡಿಲ ಬಿಟ್ಟರೆ ದೋಣಿ ಮಾತು ಕೇಳುವುದಿಲ್ಲ.

ಹೊಸ ಅಂಬಿಗ (ಮಂಗಳವಾರ)

ಅಕ್ಕಾ, ಎಲ್ಲಾ ಮಾಡಿದೆ. ಸ್ಟ್ರಾಪ್ ಇಲ್ಲದೆ: 23 ನಿಮಿಷಕ್ಕೆ ಜೋಮು. ಕಣಕಾಲಿನ ಕೆಳಗೆ ಟವೆಲ್: 35 ನಿಮಿಷ. ಸ್ಯಾಡಲ್ ಮೇಲೆ ಟವೆಲ್: 40 ನಿಮಿಷ ದಾಟಿತು, ಆಮೇಲೆ ನಾನೇ ಎದ್ದೆ.

ಸ್ಯಾಡಲ್ ಎತ್ತರ 6.5 ಇಂಚು. ಮುಂದಿನ ಅಂಚು ಸರಿಯಾಗಿ ನಡುಮಧ್ಯದಲ್ಲೇ ಇದೆ. ಹಿಂದಿನ ಮಾಲೀಕರು ನನಗಿಂತ ತುಂಬಾ ಕುಳ್ಳಗಿದ್ದರು, ಸಪೂರ ಇದ್ದರು.

ಪಟ್ಟಿ ಇದ್ದ ಜಾಗದಲ್ಲಿ ಹಳದಿ ಅಂಟು. ಹಲಸಿನ ಮೇಣದ ಹಾಗೆ ಎಳೆ ಎಳೆ ಬರುತ್ತದೆ.

ಕಾಳಿ ತೀರದವಳು (ಮಂಗಳವಾರ ರಾತ್ರಿ)

ಇಷ್ಟು ಚೆನ್ನಾಗಿ ಅಳೆದು ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಈಗ ಧೈರ್ಯವಾಗಿ ಹೇಳಬಹುದು.

ಆ ದೋಣಿ ಇನ್ನೊಬ್ಬರ ಅಳತೆಯ ಅಂಗಿ. ಸ್ಯಾಡಲ್ ನಿಮಗೆ ತಗ್ಗು, ಮೇಲಾಗಿ ತುಂಬಾ ಮುಂದಿದೆ. ತಗ್ಗು ಸ್ಯಾಡಲ್ ಮೇಲೆ ಉದ್ದ ಕಾಲಿನವರು ಕೂತರೆ ಮೊಣಕಾಲು ಪೂರ್ತಿ ಮಡಚಿಕೊಳ್ಳುತ್ತದೆ, ಭಾರ ಮೀನಖಂಡ ಮತ್ತು ಕಣಕಾಲಿನ ಮೇಲೆ ಬೀಳುತ್ತದೆ. ಅದಕ್ಕೇ ಜೋಮು. ಹಿಡಿತ ಸಿಗದೆ ನೀವು ಸ್ಟ್ರಾಪ್ ಎಳೆದು ಎಳೆದು ಬಿಗಿ ಮಾಡಿದ್ದೀರಿ, ಹೌದಲ್ವಾ? ಜೋಮು ಇನ್ನೂ ಬೇಗ ಬಂತು, ಪಟ್ಟಿಯೂ ಕಿತ್ತಿತು. ನೀವು ಹುಟ್ಟು ಹಾಕುವುದು ಬಲಗಡೆ ಆಗಿದ್ದರೆ ಭಾರವೂ ಆ ಕಡೆಗೇ ಬೀಳುತ್ತದೆ, ಬಲಗಾಲಿಗೇ ಜಾಸ್ತಿ ಯಾಕೆ ಅನ್ನುವುದಕ್ಕೂ ಅಲ್ಲೇ ಉತ್ತರ ಇದೆ. ಇನ್ನು 84 ಕಿಲೋ ಭಾರ ಇರಬೇಕಾದ ಜಾಗಕ್ಕಿಂತ ಮುಂದೆ ಬಿದ್ದರೆ ಮೂತಿ ಕುಕ್ಕದೆ ಇನ್ನೇನು ಮಾಡುತ್ತದೆ.

ಹುಟ್ಟು ಹಿಡಿದವರೇ, ವಜ್ರಾಸನ ಒಳ್ಳೆಯದೇ, ನಾನೂ ಮಾಡುತ್ತೇನೆ. ಆದರೆ ಸ್ಟ್ರಾಪ್ ಬಿಗಿಯಾಗಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸ್ಟ್ರಾಪ್ ಇರುವುದು ನೀವು ಮೊಣಕಾಲು ಎತ್ತಿದಾಗ ದೋಣಿ ಜೊತೆಗೆ ಏಳಲಿ ಅಂತ. ಸುಮ್ನೆ ಕೂತಾಗ ತೊಡೆ ಮತ್ತು ಸ್ಟ್ರಾಪ್ ನಡುವೆ ಅಂಗೈ ಸಲೀಸಾಗಿ ತೂರಬೇಕು. ಮಗುಚಿದಾಗ ಅದರಿಂದ ಹೊರಗೆ ಬರಲಾಗದಿದ್ದರೆ ಅದು ಪ್ರಾಣದ ಪ್ರಶ್ನೆ.

ಈಗ ಕೆಲಸಕ್ಕೆ ಬರೋಣ. ಸ್ಯಾಡಲ್ ಮೊದಲು, ಮೊಣಕಾಲು ಆಮೇಲೆ, ಕಣಕಾಲು ಅದಾದ ಮೇಲೆ, ಸ್ಟ್ರಾಪ್ ಕಟ್ಟಕಡೆಗೆ. ಮೊದಲಿನದು ಸರಿಯಾಗದೆ ಮುಂದಿನದನ್ನು ಅಂಟಿಸಿದರೆ ಎರಡು ಸಲ ಕೀಳಬೇಕಾಗುತ್ತದೆ.

ಸ್ಯಾಡಲ್ ಬಿಡಿಸಲು ಹೇರ್ ಡ್ರೈಯರಿನಿಂದ ಅಂಚನ್ನು ಬೆಚ್ಚಗೆ ಮಾಡಿ, ಹಳೇ ಗಿಟಾರ್ ತಂತಿಯನ್ನು ಫೋಮ್ ಕೆಳಗೆ ತೂರಿಸಿ ಗರಗಸದ ಹಾಗೆ ಆಚೆ ಈಚೆ ಎಳೆಯಿರಿ. ಬಣ್ಣ ಸುಲಿಯುವ ಹೀಟ್ ಗನ್ ಬೇಡವೇ ಬೇಡ. ರಾಯಲೆಕ್ಸ್ ಅಂದರೆ ಹೊರಗೆ ವಿನೈಲ್, ಅದರೊಳಗೆ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್, ನಡುವೆ ಫೋಮ್ ತಿರುಳು. ಬಿಸಿ ಜಾಸ್ತಿಯಾದರೆ ತಿರುಳು ಉಬ್ಬಿ ಬೊಬ್ಬೆ ಏಳುತ್ತದೆ. ರಾಯಲೆಕ್ಸ್ ಹಾಳೆ ತಯಾರಿಕೆ 2014ರಲ್ಲೇ ನಿಂತುಹೋಗಿದೆ. ಹಾಳಾದರೆ ಅಂಥದ್ದೇ ಹೊಸದು ಸಿಗುವುದಿಲ್ಲ. ಜೋಪಾನ.

ಬಿಡಿಸಿದ ಮೇಲೆ ಅಂಟಿಸಲು ಅವಸರ ಬೇಡ. ಸ್ಯಾಡಲನ್ನು 2 ಇಂಚು ಹಿಂದಕ್ಕಿಟ್ಟು, ಅಡಿಗೆ ಒಂದು ಇಂಚಿನ ಮಿನಿಸೆಲ್ (ನೀರು ಹೀರದ) ಫೋಮ್ ಹಾಳೆ ಕೊಟ್ಟು, ಟೇಪಿನಿಂದ ಬಿಗಿಯಿರಿ. ನಿಂತ ನೀರಿಗೆ ಒಯ್ದು ದೋಣಿಯೊಳಗೆ ಅರ್ಧ ಬಕೆಟ್ ನೀರು ಸುರಿದು ನೆಟ್ಟಗೆ ಕೂತುಕೊಳ್ಳಿ. ಜೊತೆಗಿದ್ದವರು ನೋಡಲಿ. ನೀರು ಮೂತಿ ಕಡೆ ಓಡಿದರೆ ಇನ್ನೂ ಅರ್ಧ ಇಂಚು ಹಿಂದೆ ಹೋಗಿ. ಹಿಂದಕ್ಕೆ ಓಡಿದರೆ ಮುಂದೆ ಬನ್ನಿ. ನಿಮ್ಮ ಸುತ್ತಲೇ ನಿಂತರೆ ಅದೇ ಜಾಗ. ಪೆನ್ಸಿಲಿನಿಂದ ಗುರುತು ಹಾಕಿ. ಎಷ್ಟು ದುಬಾರಿ ಸಲಕರಣೆ ತಂದರೂ ಈ ಅರ್ಧ ಬಕೆಟ್ ನೀರಿನಷ್ಟು ಸರಿಯಾಗಿ ಹೇಳುವುದಿಲ್ಲ.

ಎತ್ತರ 7.5 ಇಂಚಿಗಿಂತ ಮೇಲೆ ಸದ್ಯಕ್ಕೆ ಬೇಡ. ಎತ್ತರ ಏರಿದಷ್ಟೂ ಕಾಲಿಗೆ ಸುಖ, ಆದರೆ ದೋಣಿ ಅಷ್ಟೇ ಬೇಗ ವಾಲುತ್ತದೆ. ಅರ್ಧ ಇಂಚಿನ ವ್ಯತ್ಯಾಸವೂ ಸೊಂಟಕ್ಕೆ ಗೊತ್ತಾಗುತ್ತದೆ.

ಮಿನಿಸೆಲ್ ಕತ್ತರಿಸಲು ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಸಾಕು. ಆಕಾರ ಕೊಡಲು 36 ನಂಬರಿನ ಒರಟು ಉಪ್ಪುಕಾಗದ. ಸ್ಯಾಡಲಿನ ಎರಡೂ ಪಕ್ಕ, ತೊಡೆಯ ಒಳಭಾಗ ತಾಗುವ ಅಂಚನ್ನು ಚೆನ್ನಾಗಿ ಕೆರೆದು ದುಂಡಗೆ ಮಾಡಿ. ಚೂಪು ಅಂಚು ತೊಡೆಯ ಕೆಳಗೆ ಒತ್ತಿದರೂ ಜೋಮು ಬರುತ್ತದೆ. ಒಂದೇ ಸಲ ಜಾಸ್ತಿ ಕೆರೆಯಬೇಡಿ. ಕೆರೆಯಿರಿ, ಕೂರಿ, ಮತ್ತೆ ಕೆರೆಯಿರಿ.

ಅಂಟಿನ ವಿಷಯ ಸ್ವಲ್ಪ ಗಮನವಿಟ್ಟು ಓದಿ. ಫೋಮಿಗೆ ಕಾಂಟ್ಯಾಕ್ಟ್ ಸಿಮೆಂಟ್ (ಎರಡೂ ಕಡೆ ಬಳಿದು, ಒಣಗಿದ ಮೇಲೆ ಒತ್ತುವ ಅಂಟು), ಅದೂ ಸಾಲ್ವೆಂಟ್ (ದ್ರಾವಕ) ಇರುವಂಥದ್ದು. ನೀರಿನಲ್ಲಿ ಕಲಸಿದ್ದು ನದಿಯಲ್ಲಿ ನಿಲ್ಲುವುದಿಲ್ಲ. ಡಿ-ರಿಂಗ್ ಪಟ್ಟಿ ವಿನೈಲಿನದು. ಅದಕ್ಕೆ ವಿನೈಲ್ ಅಂಟೇ ಬೇಕು, ವೈನಾಬಾಂಡ್ ಅಥವಾ ಎಚ್‌ಎಚ್-66. ವಿನೈಲನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ನಿಧಾನವಾಗಿ ಹೊರಗೆ ಜಿನುಗಿ ಕಾಂಟ್ಯಾಕ್ಟ್ ಸಿಮೆಂಟನ್ನು ಕರಗಿಸುತ್ತದೆ. ನೀವು ಕಂಡ ಹಲಸಿನ ಮೇಣ ಅದೇ. ಮೇಣ ಅಂತ ಕೊಬ್ಬರಿ ಎಣ್ಣೆ ಹಚ್ಚಿಬಿಡಬೇಡಿ ಮತ್ತೆ! ಎಣ್ಣೆ ತಾಗಿದ ಜಾಗಕ್ಕೆ ಮುಂದೆ ಯಾವ ಅಂಟೂ ಹಿಡಿಯುವುದಿಲ್ಲ. ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಉಂಡೆ ಮಾಡಿ ತೆಗೆಯಿರಿ, ಕೊನೆಗೆ ಆಲ್ಕೋಹಾಲಿನಿಂದ ಒರೆಸಿ. ಅಸಿಟೋನ್ ಸುರಿದರೆ ದೋಣಿಯ ವಿನೈಲೇ ಕರಗುತ್ತದೆ. ಮೊದಲಿನವರು ಬಿಸಿಲಿಗೆ ಅಂತ ಹೊಳಪಿನ ಸ್ಪ್ರೇ ಹೊಡೆದಿದ್ದರೆ ಆ ಜಾಗವನ್ನು ಎರಡು ಮೂರು ಸಲ ಒರೆಸಿ.

ಗ್ಯಾರೇಜಿನಲ್ಲಿ ಗ್ಯಾಸ್ ವಾಟರ್ ಹೀಟರ್ ಇದ್ದರೆ ಅಂಟಿನ ಕೆಲಸ ಅಲ್ಲಿ ಮಾಡಲೇಬೇಡಿ. ಅದರೊಳಗಿನ ಸಣ್ಣ ಜ್ವಾಲೆಗೆ ಅಂಟಿನ ಆವಿ ಹೊತ್ತಿಕೊಳ್ಳಬಹುದು. ಹೊರಗೆ, ನೆರಳಲ್ಲಿ, ಒಣ ದಿನ ನೋಡಿ ಮಾಡಿ.

ಪಾಲಿ ದೋಣಿ (ಬುಧವಾರ)

ಮಧ್ಯೆ ಬಂದೆ, ಕ್ಷಮಿಸಿ. ನನ್ನದು ಪಾಲಿಎಥಿಲೀನ್ ದೋಣಿ. ಇದೇ ಅಂಟು ಸಾಕಾ?

ಕಾಳಿ ತೀರದವಳು (ಬುಧವಾರ)

ಸಾಲುವುದಿಲ್ಲ. ಪಾಲಿಎಥಿಲೀನಿಗೆ ಯಾವ ಸಾಮಾನ್ಯ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಸ್ಟ್ರಾಪಿನ ಕೊಂಡಿಗಳನ್ನು ಬೋಲ್ಟ್ ಹಾಕಿ ಕೂರಿಸಬೇಕು, ಇಲ್ಲವೇ ಅದೇ ಪ್ಲಾಸ್ಟಿಕ್ಕಿನಿಂದ ಬೆಸೆಯಬೇಕು. ನಿಮ್ಮ ದೋಣಿಯ ಫೋಟೋ ಹಾಕಿ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನೋಡೋಣ.

ಹೊಸ ಅಂಬಿಗ (ಮುಂದಿನ ಭಾನುವಾರ)

ಸ್ಯಾಡಲ್ ಜಾಗ ಸಿಕ್ಕಿತು. ಎರಡೂವರೆ ಇಂಚು ಹಿಂದೆ, ಎತ್ತರ 7.5. ಬಕೆಟ್ ನೀರು ನನ್ನ ಮೊಣಕಾಲಿನ ಹತ್ತಿರವೇ ನಿಂತಿತು. ನೋಡಿ ತುಂಬಾ ಖುಷಿಯಾಯಿತು.

ಎರಡು ಪ್ರಶ್ನೆ. ಇಷ್ಟು ದೊಡ್ಡ ಫೋಮನ್ನು ಗುರುತಿನ ಮೇಲೆ ಸರಿಯಾಗಿ ಕೂರಿಸುವುದು ಹೇಗೆ? ಇನ್ನೊಂದು, ಸ್ಯಾಡಲ್ ಹಿಂದೆ ಹೋದ ಮೇಲೆ ನನ್ನ ಶೂ ಹಿಂದಿನ ಏರ್‌ಬ್ಯಾಗ್ ದಾರಗಳಿಗೆ ತಾಗುತ್ತದೆ. ಏರ್‌ಬ್ಯಾಗ್ ತೆಗೆದುಬಿಡಲಾ?

ಕಾಳಿ ತೀರದವಳು (ಅದೇ ದಿನ)

ಬ್ಯಾಗ್ ತೆಗೆಯಬೇಡಿ. ಒಂದು ಲೀಟರ್ ನೀರು ಒಂದು ಕಿಲೋ. ತುಂಬಿದ ದೋಣಿಯಲ್ಲಿ ನೂರಾರು ಲೀಟರ್ ಇರುತ್ತದೆ. ಅದು ಬಂಡೆಗೆ ಅಪ್ಪಳಿಸಿ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ಬಂಡೆಗೂ ದೋಣಿಗೂ ನಡುವೆ ನೀವು ಸಿಕ್ಕಿದರೆ ಮಾತೇ ಇಲ್ಲ. ಆ ಜಾಗದಲ್ಲಿ ನೀರಿನ ಬದಲು ಗಾಳಿ ಇರಬೇಕು.

ದಾರಗಳನ್ನೇ ಹಿಂದಕ್ಕೆ ಸರಿಸಿ. ದೋಣಿಯ ಮೇಲಂಚಿನ ಪಟ್ಟಿಯ ಸ್ವಲ್ಪ ಕೆಳಗೆ ಹೊಸ ತೂತು ಕೊರೆದು, ನೈಲಾನ್ ದಾರ ಬಿಗಿಯಾಗಿ ಹೆಣೆಯಿರಿ. ಬ್ಯಾಗಿನ ಮುಂದಿನ ತುದಿ ಮಡಚಿಕೊಂಡರೂ ಪರವಾಗಿಲ್ಲ. ಕಾಲಿಗೂ ದಾರಕ್ಕೂ ನಡುವೆ ಒಂದು ಗೇಣಾದರೂ ಜಾಗ ಇರಲಿ. ಮಗುಚಿದಾಗ ಶೂ ದಾರದೊಳಗೆ ಸಿಕ್ಕಿಕೊಳ್ಳುವಂತಿರಬಾರದು. ಬಿಸಿಲಲ್ಲಿ ದೋಣಿ ಬಿಡುವಾಗ ಬ್ಯಾಗಿನ ಗಾಳಿ ಸ್ವಲ್ಪ ಇಳಿಸಿ. ಗಾಳಿ ಹಿಗ್ಗಿ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಫೋಮ್ ಕೂರಿಸಲು ಹೀಗೆ ಮಾಡಿ. ಎರಡೂ ಕಡೆ ತೆಳ್ಳಗೆ ಎರಡು ಸಲ ಅಂಟು ಬಳಿದು, ಬೆರಳಿಗೆ ಹತ್ತದಷ್ಟು ಒಣಗಲು ಬಿಡಿ. ಆಮೇಲೆ ದೋಣಿಯ ತಳದ ಮೇಲೆ ಸಣ್ಣ ಮರದ ಕಡ್ಡಿಗಳನ್ನು ಅಡ್ಡಡ್ಡ ಜೋಡಿಸಿ, ಅವುಗಳ ಮೇಲೆ ಸ್ಯಾಡಲ್ ಇಟ್ಟು ಗುರುತಿಗೆ ಹೊಂದಿಸಿ. ಸರಿಯಾಯಿತು ಅನ್ನಿಸಿದ ಮೇಲೆ ನಡುವಿನಿಂದ ಶುರು ಮಾಡಿ ಒಂದೊಂದೇ ಕಡ್ಡಿ ಎಳೆಯುತ್ತಾ ಒತ್ತುತ್ತಾ ಹೋಗಿ. ಅಂಟಿಗೆ ಅಂಟು ತಾಗಿದರೆ ಮತ್ತೆ ಸರಿಸಲು ಆಗುವುದಿಲ್ಲ. ಮೇಲೆ ಭಾರ ಹೇರಿ ಎರಡು ದಿನ ಬಿಡಿ. ನಾನು ಸೋನಾ ಮಸೂರಿಯ 20 ಪೌಂಡಿನ ಮೂಟೆಗಳನ್ನೇ ಇಡುವುದು. ತಳದ ಆಕಾರಕ್ಕೆ ಒಗ್ಗಿಕೊಂಡು ಕೂರುತ್ತವೆ.

ಡಿ-ರಿಂಗ್ ಹಳೇ ಜಾಗಕ್ಕೆ ಹಾಕಬೇಡಿ. ಅದು ತೊಡೆಯ ನೇರ ಕೆಳಗಿತ್ತು ಅಂತ ಕಾಣುತ್ತದೆ. ಸ್ಟ್ರಾಪ್ ಮೇಲಕ್ಕೆ ಎಳೆದಾಗ ಪಟ್ಟಿ ಸಿಪ್ಪೆಯ ಹಾಗೆ ಅಂಚಿನಿಂದ ಸುಲಿಯುತ್ತದೆ. ತಳ ತಿರುಗಿ ಗೋಡೆಯಾಗುವ ಕಡೆ, ಸ್ವಲ್ಪ ಮೇಲೆ ಅಂಟಿಸಿ. ಆಗ ಎಳೆತ ದೋಣಿಯ ಮೈಗುಂಟ ಸಾಗುತ್ತದೆ, ಪಟ್ಟಿ ಇಡೀ ಅಗಲದಲ್ಲಿ ತಡೆಯುತ್ತದೆ.

ಹೊಸ ಅಂಬಿಗ (ಮೂರು ವಾರದ ನಂತರ)

ಎಲ್ಲಾ ಮುಗಿಸಿದೆ. ಕಣಕಾಲಿನ ಕೆಳಗೆ ದುಂಡನೆಯ ಫೋಮ್ ತುಂಡುಗಳನ್ನೂ ಅಂಟಿಸಿದೆ. ನದಿಗೆ ಹೋಗುವ ಮೊದಲು ಕೆರೆಯಲ್ಲಿ, ಗೆಳೆಯನನ್ನು ಪಕ್ಕ ನಿಲ್ಲಿಸಿಕೊಂಡು, ಹತ್ತು ಸಲ ಬೇಕಂತಲೇ ಮಗುಚಿ ಹೊರಗೆ ಬಂದೆ. ಎರಡನೇ ಸಲ ಎಡಗಾಲು ಒಂದು ಕ್ಷಣ ತಡೆಯಿತು, ಸ್ಟ್ರಾಪ್ ಮೊಣಕಾಲಿಗೆ ತೀರಾ ಹತ್ತಿರ ಇತ್ತು. ತೊಡೆಯ ನಡುವಿಗೆ ಸರಿಸಿದ ಮೇಲೆ ಸಲೀಸಾಯಿತು.

ನಿನ್ನೆ ನಾಂಟಹಾಲಾದ ಎಂಟು ಮೈಲಿ ಪೂರ್ತಿ ಮಾಡಿದೆ. ಎರಡು ಸಲ ಮಾತ್ರ ದಡಕ್ಕೆ ಬಂದು ಕಾಲು ಚಾಚಿದೆ, ಜೋಮು ಬಂದಿದ್ದಕ್ಕಲ್ಲ, ಊಟಕ್ಕೆ. ಕೊನೆಯ ನಾಂಟಹಾಲಾ ಫಾಲ್ಸ್‌ನಲ್ಲಿ ಮೂತಿ ಅಲೆ ಹತ್ತಿ ಇಳಿಯಿತು. ಮಡಿಲಿಗೆ ಬಂದ ನೀರು ನಾಲ್ಕು ಚೊಂಬಿನಷ್ಟು ಇರಬಹುದು.

ಬಲ ಮೊಣಕಾಲಿನ ಪ್ಯಾಡ್ ಮಾತ್ರ ಒಳಗಡೆ ಸ್ವಲ್ಪ ಒತ್ತುತ್ತದೆ ಅಕ್ಕಾ. ಕಾಲು ಇಂಚು ಕೆರೆಯಲಾ, ಪೂರ್ತಿ ಹೊರಕ್ಕೆ ಸರಿಸಲಾ?

ಕಾಳಿ ತೀರದವಳು (ಅದೇ ರಾತ್ರಿ)

ಓದಿ ಮನಸ್ಸು ತುಂಬಿ ಬಂತು. ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿನಲ್ಲಿ ಮೊದಲ ಸಲ ಕೂತಾಗ ನನಗಾದ ಖುಷಿ ನೆನಪಾಯಿತು.

ಮೊದಲು ಕೆರೆಯಿರಿ, ಕಾಲು ಇಂಚೂ ಬೇಡ, ಅದರಲ್ಲಿ ಅರ್ಧ. ಒಂದು ಗಂಟೆ ಕೂತು ನೋಡಿ ಬರೆಯಿರಿ.