ಕಿತ್ತಳೆ ರೆಕ್ಕೆಯ ಈ ಪತಂಗ ಯಾವುದು?

ಪ್ರಶ್ನೆ: ಮೇಡಂ, ನಮಸ್ಕಾರ. ಜಯನಗರದ ನಮ್ಮ ಮನೆ ತಾರಸಿಯಲ್ಲಿ ದಾಳಿಂಬೆ ಗಿಡ ಇದೆ. ರಾತ್ರಿ ಟಾರ್ಚ್ ಬಿಟ್ಟರೆ ದೊಡ್ಡ ಪತಂಗಗಳು ಹಣ್ಣಿಗೆ ಸೊಂಡಿಲು ಚುಚ್ಚಿ ಕೂತಿರುತ್ತವೆ. ಮೇಲೆ ತರಗೆಲೆ ಬಣ್ಣ, ಎದ್ದು ಹಾರಿದರೆ ಒಳಗೆ ಕಿತ್ತಳೆ. ಮೊಬೈಲ್ ಆ್ಯಪ್ ಒಂದು ಸಲ ಕ್ಯಾಟೊಕಾಲಾ ಅನ್ನುತ್ತದೆ, ಇನ್ನೊಂದು ಸಲ ಯೂಡೊಸಿಮಾ. ಯಾವುದು ಸರಿ?

ಉತ್ತರ: ಯೂಡೊಸಿಮಾ. ಎರಡೂ ಪತಂಗಗಳ ಕುಲದ ಹೆಸರು, ಒಂದೊಂದರಲ್ಲೂ ಹಲವು ಜಾತಿ. ಕ್ಯಾಟೊಕಾಲಾ ಅಮೆರಿಕ, ಯೂರೋಪ್ ಕಡೆ ಜಾಸ್ತಿ. ನಮ್ಮ ದೇಶದಲ್ಲಿ ಮುಖ್ಯವಾಗಿ ಹಿಮಾಲಯದ ಸುತ್ತ. ಎರಡೂ ಮಂಕು ಬಣ್ಣದ ಮುಂದಿನ ರೆಕ್ಕೆಯಡಿ ಗಾಢ ಬಣ್ಣದ ಹಿಂದಿನ ರೆಕ್ಕೆ ಮುಚ್ಚಿಟ್ಟುಕೊಳ್ಳುತ್ತವೆ, ಆ್ಯಪ್ ಎಡವುವುದು ಅಲ್ಲೇ. ಆದರೆ ಗಟ್ಟಿ ಸಿಪ್ಪೆಯ ಹಣ್ಣನ್ನು ಚುಚ್ಚಿ ರಸ ಹೀರುವುದು ಯೂಡೊಸಿಮಾದ ಕಸುಬು. ಅದರ ಸೊಂಡಿಲಿನ ತುದಿ ಗಡುಸು, ಮುಳ್ಳುಮುಳ್ಳು.

ಈಗ ಜಾತಿ. ಮುಂದಿನ ರೆಕ್ಕೆ ನೋಡಿ ತೀರ್ಮಾನ ಮಾಡಬೇಡಿ. ಗಂಡು ಹೆಣ್ಣಿಗೇ ಅಲ್ಲಿ ಬಣ್ಣ, ಗೆರೆ ಬೇರೆಬೇರೆ. ಒಂದೇ ಜಾತಿಯ ಜೋಡಿಯನ್ನು ಎರಡು ಜಾತಿ ಅಂತ ಹಾಕುವವರು ಬೇಕಾದಷ್ಟು ಜನ. ಹಿಂದಿನ ರೆಕ್ಕೆಯ ನಡುವೆ ನೋಡಿ. ಕಾಡಿಗೆ ಬೊಟ್ಟಿನ ಹಾಗೆ ದುಂಡಗೆ ಕಪ್ಪು ಚುಕ್ಕೆ ಇದ್ದರೆ ಯೂಡೊಸಿಮಾ ಮೆಟರ್ನಾ. ಬಾಗಿದ ಕಪ್ಪು ಪಟ್ಟೆ ಇದ್ದರೆ ಬಹುಶಃ ಯೂಡೊಸಿಮಾ ಫಲೋನಿಯಾ. ಹಳೇ ಪುಸ್ತಕಗಳಲ್ಲಿ ಒಥ್ರೀಸ್ ಫುಲೋನಿಯಾ ಅಂತ ಇರುವುದೂ ಇದೇ. 'ಬಹುಶಃ' ಅಂದೆ, ಯಾಕೆಂದರೆ ಹೊಮೇನಾ ಅನ್ನುವ ಜಾತಿಗೂ ಬಾಗಿದ ಗುರುತೇ ಇದೆ. ಆಗ ನಾಲ್ಕೂ ರೆಕ್ಕೆ ಬಿಚ್ಚಿದ ಫೋಟೊ ಇಲ್ಲದೆ ನಾನು ಹೆಸರು ಹೇಳುವುದಿಲ್ಲ.

ಪ್ರಶ್ನೆ: ಕೂತಾಗ ರೆಕ್ಕೆ ಬಿಚ್ಚುವುದೇ ಇಲ್ಲವಲ್ಲ ಮೇಡಂ! ಹಿಡಿದು ಬಿಡಿಸಲಾ?

ಉತ್ತರ: ಅಯ್ಯೋ, ಬೇಡ. ಮೈಮೇಲಿನ ಪುಡಿಯೆಲ್ಲ ಕೈಗೆ ಬರುತ್ತದೆ, ಗುರುತೂ ಅಳಿಸುತ್ತದೆ. ಮೊದಲು ಮೊಬೈಲಿನಲ್ಲಿ ವಿಡಿಯೊ ಶುರು ಮಾಡಿ. ಆಮೇಲೆ ಹುಲ್ಲುಕಡ್ಡಿಯಿಂದ ಮೆಲ್ಲಗೆ ತಲೆಯ ಹತ್ತಿರ ಮುಟ್ಟಿ. ಬೆಚ್ಚಿ ಮುಂದಿನ ರೆಕ್ಕೆ ಎತ್ತಿದರೆ ಕಿತ್ತಳೆ ಬಯಲಾಗುತ್ತದೆ. ಆ ಒಂದು ಫ್ರೇಮ್ ಸಾಕು. ಲೈಟ್ ಹಾಕಿ ಕಾಯುವುದು ಸುಮ್ನೆ ದಂಡ, ಇವು ದೀಪಕ್ಕಿಂತ ಹಣ್ಣಿಗೇ ಜಾಸ್ತಿ ಬರುತ್ತವೆ. ಕಳಿತ ಬಾಳೆಹಣ್ಣು ಇಟ್ಟು ನೋಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮ ಅಮೃತಬಳ್ಳಿಯಲ್ಲಿ ಕಪ್ಪು ಹುಳು ಇದೆ, ಪಕ್ಕದಲ್ಲಿ ಕಣ್ಣಿನಂಥ ಚುಕ್ಕೆಗಳು. ಇದರದ್ದೇ ಮರೀನಾ? ಬಳ್ಳಿ ಕಿತ್ತರೆ ದಾಳಿಂಬೆ ಉಳಿಯುತ್ತಾ?

ಉತ್ತರ: ತಲೆ ಕೆಳಗೆ ಮಡಚಿ, ಹಿಂಭಾಗ ಎತ್ತಿ ಕೂರುತ್ತಿದ್ದರೆ ಇದರದ್ದೇ ಇರಬೇಕು. ಯಾವ ಜಾತಿ ಅಂತ ತಿಳಿಯಬೇಕಾದರೆ ಡಬ್ಬದಲ್ಲಿಟ್ಟು ದಿನಾ ಹೊಸ ಎಲೆ ಹಾಕಿ ಸಾಕಿ, ಎಲೆಗಳನ್ನು ನೂಲಿನಿಂದ ಹೆಣೆದು ಅದರೊಳಗೆ ಕೋಶ ಕಟ್ಟುತ್ತದೆ. ಪತಂಗ ಹೊರಬಂದ ಮೇಲೆ ಹಿಂದಿನ ರೆಕ್ಕೆ ನೋಡಿ. ಬಳ್ಳಿ ಕೀಳಬೇಡಿ, ಪ್ರಯೋಜನ ಇಲ್ಲ. ದೊಡ್ಡ ಪತಂಗಗಳು ಚೆನ್ನಾಗಿ ಹಾರುತ್ತವೆ, ಬೇರೆ ಬೀದಿಯಿಂದಲೂ ಬರುತ್ತವೆ. ಹಣ್ಣಿಗೆ ಬಟ್ಟೆ ಚೀಲ ಕಟ್ಟಿ. ಸಡಿಲವಾಗಿರಲಿ, ಮೈಗೆ ಅಂಟಿಕೊಂಡರೆ ಚೀಲದ ಮೇಲಿಂದಲೇ ಚುಚ್ಚುತ್ತವೆ.