ಖಾಲಿ ಮಾಡಿ ಅಂತ ಹೇಳಿ ಹೆಬ್ಬೆಟ್ಟು ಕೇಳುತ್ತಿದ್ದಾರೆ, ಏನು ಮಾಡುವುದು?

ಪ್ರಶ್ನೆ: ವಕೀಲರಿಗೆ ನಮಸ್ಕಾರ ಸರ್. ಬೆಂಗಳೂರಿನ ಒಂದು ಸ್ಲಂನಲ್ಲಿ ನಮ್ಮದು ಸುಮಾರು 60 ಮನೆ. ನಾನು ಹುಟ್ಟಿದ್ದೇ ಇಲ್ಲಿ. ಅಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ ಮಾಡುತ್ತಾರೆ. ಹೋದ ವಾರ ಇಬ್ಬರು ಬಂದು, ಜಾಗ ಖಾಲಿ ಮಾಡಿ, ಊರಾಚೆ ಫ್ಲಾಟ್ ಕೊಡುತ್ತೇವೆ ಅಂದರು. ನೋಟಿಸ್ ಕೊಟ್ಟಿಲ್ಲ. ಒಪ್ಪಿಗೆ ಪತ್ರ ಅಂತ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದಾರೆ. ನಮ್ಮ ಹತ್ತಿರ ಸ್ಲಂ ಬೋರ್ಡಿನ (ಕೊಳಗೇರಿ ಅಭಿವೃದ್ಧಿ ಮಂಡಳಿಯ) ಪರಿಚಯ ಪತ್ರ, ಕರೆಂಟ್ ಬಿಲ್, ರೇಷನ್ ಕಾರ್ಡ್ ಇವೆ. ಇಷ್ಟಿದ್ದರೆ ನಮ್ಮನ್ನು ಎಬ್ಬಿಸಲು ಆಗಲ್ಲ ಅಲ್ವಾ?

ಉತ್ತರ: ತಂಗಿ, ಮೊದಲು ಆ ಹೆಬ್ಬೆಟ್ಟು ನಿಲ್ಲಿಸಿ. ಕಾಗದದ ಜೆರಾಕ್ಸ್ ಕೇಳಿ, ಯಾರಾದರೂ ಜೋರಾಗಿ ಓದಿ ಎಲ್ಲರಿಗೂ ಹೇಳಲಿ. ಫ್ಲಾಟ್ ಯಾವ ಊರಲ್ಲಿ, ಯಾರ ಹೆಸರಿಗೆ, ಯಾವಾಗ ಅನ್ನುವುದು ಅದರಲ್ಲಿ ಇಲ್ಲದಿದ್ದರೆ ಸಹಿ ಬೇಡವೇ ಬೇಡ.

ಪರಿಚಯ ಪತ್ರದ ಬಗ್ಗೆ ನೀವು ಅಂದುಕೊಂಡಿದ್ದು ಪೂರ್ತಿ ಸರಿಯಲ್ಲ. ನೀವು ಅಲ್ಲಿ ವಾಸ ಇದ್ದೀರಿ ಅನ್ನುವುದಕ್ಕೆ ಅದು ಗುರುತು. ಜಾಗದ ಹಕ್ಕು ಅದರಿಂದ ಬರುವುದಿಲ್ಲ, ಅದಕ್ಕೆ ಹಕ್ಕುಪತ್ರ ಬೇಕು. ಹಾಗಂತ ಅದನ್ನು ಕಡೆಗಣಿಸಬೇಡಿ. ಹಳೆಯ ಬಿಲ್, ಮಕ್ಕಳ ಶಾಲೆ ದಾಖಲೆ ಎಲ್ಲ ಸೇರಿಸಿ ಜೋಪಾನವಾಗಿ ಇಡಿ. ಎಷ್ಟು ವರ್ಷದಿಂದ ಇದ್ದೀರಿ ಅಂತ ತೋರಿಸಲು ಅವೇ ಆಧಾರ.

ಆಮೇಲೆ ಜಾಗ ಯಾರದ್ದು ಅಂತ ತಿಳಿದುಕೊಳ್ಳಿ. ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿ. 1973ರ ಕರ್ನಾಟಕ ಕೊಳಗೇರಿ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ನಿಮ್ಮದು ಘೋಷಿತ ಸ್ಲಂ, ಅಂದರೆ ಸರ್ಕಾರವೇ ಸ್ಲಂ ಅಂತ ಅಧಿಕೃತವಾಗಿ ಪ್ರಕಟಿಸಿದ ಜಾಗ, ಆಗಿದೆಯಾ ಅಂತ ಸ್ಲಂ ಬೋರ್ಡಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಖಾಸಗಿ ಜಾಗದಲ್ಲಿದ್ದರೂ ಘೋಷಣೆ ಆಗಿರಬಹುದು. ಆಗಿದ್ದರೆ ಸುಮ್ನೆ ಬಂದು ಒಕ್ಕಲೆಬ್ಬಿಸಲು ಆಗುವುದಿಲ್ಲ.

ಇನ್ನು ಕೋರ್ಟ್ ವಿಷಯ. 1985ರಲ್ಲಿ ಮುಂಬೈನ ಫುಟ್‌ಪಾತ್ ವಾಸಿಗಳ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಅಂತ ಹೇಳಿತು. ಆದರೆ ಎಬ್ಬಿಸಲೇಬಾರದು ಅಂತ ಹೇಳಲಿಲ್ಲ. 1976ರ ಗಣತಿಯ ಗುರುತಿನ ಚೀಟಿ ಇದ್ದವರಿಗೆ ಬೇರೆ ಜಾಗ ಕೊಡಿ, ಮಳೆಗಾಲ ಮುಗಿಯುವ ತನಕ ಕಾಯಿರಿ ಅಂತ ಹೇಳಿತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ದಾರಿ ಸಿಕ್ಕಿತು, ನೋಡಿ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಮನೆ ಬಿಡುವ ಮುಂಚೆ ಮನೆಮನೆ ಸರ್ವೆ ಆಗಬೇಕು, 60 ಮನೆಯವರ ಹೆಸರೂ ಬರಬೇಕು. 2019ರಲ್ಲಿ ಶಕೂರ್ ಬಸ್ತಿ ಅನ್ನುವ ಸ್ಲಂನ ಕೇಸಿನಲ್ಲಿ ದೆಹಲಿ ಹೈಕೋರ್ಟ್ ಕೂಡ ಮೊದಲು ಸರ್ವೆ ಮಾಡಿ, ಜನರ ಜೊತೆ ಮಾತಾಡಿ ಅಂದಿದೆ.

2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪು ಕಟ್ಟಡ ಕೆಡವುವ ಮುಂಚೆ 15 ದಿನದ ನೋಟಿಸ್ ಕೊಡಬೇಕು ಅನ್ನುತ್ತದೆ. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿ ಪಕ್ಕ, ನೀರಿನ ಜಾಗದ ಒತ್ತುವರಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ಮನೆಗಳು ರಾಜಕಾಲುವೆ ಅಂಚಿನಲ್ಲಿವೆಯಾ? ಇದ್ದರೆ ಈಗಲೇ ಹೇಳಿ, ವಾದವೇ ಬೇರೆ ಆಗುತ್ತದೆ.

ಊರಾಚೆ ಅನ್ನುವ ಮಾತು ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಬಡವರಿಗೆ ಕಟ್ಟಿದ್ದ ಕ್ವಾರ್ಟರ್ಸ್‌ನಿಂದ ಎಬ್ಬಿಸಿದ ಎಷ್ಟೋ ಕುಟುಂಬಗಳು ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆಗೆ ಹೋಗಬೇಕಾಯಿತು. ಬೆಳಿಗ್ಗೆ ಆರಕ್ಕೆ ಪಾತ್ರೆ ತೊಳೆಯಲು ಹೋಗುವವರು ಅಷ್ಟು ದೂರದಿಂದ ಹೇಗೆ ಬರುತ್ತಾರೆ? ಫ್ಲಾಟ್ ಎಷ್ಟು ಚದರಡಿ ಅಂತ ಕೇಳುವ ಮುಂಚೆ, ಅಮ್ಮನ ಕೆಲಸದ ಮನೆಗೆ ಎಷ್ಟು ಬಸ್ ಬದಲಿಸಬೇಕು ಅಂತ ಲೆಕ್ಕ ಹಾಕಿ. ಸರ್ವೆ ಮಾಡಿ ಅಂತ ನೀವು ಕೊಡುವ ಮನವಿಯಲ್ಲಿ ಅದನ್ನೂ ಬರೆಯಿರಿ.

ಇನ್ನೊಬ್ಬರ ಪ್ರಶ್ನೆ: ಸರ್, ನಾವು ಅದೇ ಸ್ಲಂನಲ್ಲಿ 11 ವರ್ಷದಿಂದ ಬಾಡಿಗೆಗೆ ಇದ್ದೇವೆ. ನಮ್ಮ ಹೆಸರು ಬರುತ್ತದಾ?

ಉತ್ತರ: ಬರಬೇಕು ಅಣ್ಣ, ಆದರೆ ತಾನಾಗಿ ಬರುವುದಿಲ್ಲ. ಈಜಿಪುರದಲ್ಲೂ ಮೂಲ ಹಂಚಿಕೆದಾರರು ಬೇರೆ, ಬಾಡಿಗೆಗೆ ಇದ್ದವರು ಬೇರೆ ಅಂತ ಆಗಿ, ಬಾಡಿಗೆಯವರೇ ಜಾಸ್ತಿ ಕಷ್ಟಪಟ್ಟರು. ಸರ್ವೆ ದಿನ ಮನೆಯಲ್ಲೇ ಇರಿ. ಹೆಸರು ಬರೆಯದಿದ್ದರೆ ಅವತ್ತೇ ಆಕ್ಷೇಪಣೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಅರ್ಜಿ ನಿಮ್ಮ ಹೆಂಡತಿಯ ಹೆಸರಿನಲ್ಲೇ ಹಾಕಿಸಿ.