ಯಾರನ್ನೂ ನಂಬಲಾಗದಿರುವುದು ಸ್ವಭಾವವೇ, ಬಾಲ್ಯದ ಆಘಾತದ ಲಕ್ಷಣವೇ?

ಪ್ರಶ್ನೆ: ಎಚ್ಚರನಿದ್ದೆ

ನನಗೆ ಮೂವತ್ತಾರು ವರ್ಷ. ತಂದೆಯವರ ಕುಡಿತ, ಅದರ ಬೆನ್ನಿಗೇ ಬೀಳುತ್ತಿದ್ದ ಹೊಡೆತ, ಮರುದಿನ ಬೆಳಿಗ್ಗೆ ‘ಇನ್ನು ಮುಟ್ಟುವುದಿಲ್ಲ’ ಎಂಬ ಆಣೆ, ವಾರ ಕಳೆಯುವುದರೊಳಗೆ ಮತ್ತೆ ಅದೇ ರಾತ್ರಿ, ಇವುಗಳ ನಡುವೆ ಬೆಳೆದವನು ನಾನು. ಈಗ ಆ ಮನೆಯಿಂದ ದೂರವಿದ್ದೇನೆ, ಬೈಯುವವರೂ ಹೊಡೆಯುವವರೂ ಇಲ್ಲ. ಆದರೂ ಚಿಲಕದ ಸದ್ದಾದರೆ ಸಾಕು, ನಿದ್ದೆ ಹಾರಿಹೋಗುತ್ತದೆ. ಸಹೋದ್ಯೋಗಿ ತಾವಾಗಿ ನೆರವಿಗೆ ಬಂದರೆ, ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ. ನನ್ನ ಹೆಂಡತಿ ಕೊಟ್ಟ ಮಾತಿಗೆ ತಪ್ಪಿದವಳಲ್ಲ. ಹಾಗಿದ್ದೂ ಆಕೆ ಅರ್ಧ ಗಂಟೆ ತಡವಾಗಿ ಬಂದರೆ ಕಾರಣವನ್ನು ಮೂರು ಬಗೆಯಲ್ಲಿ ಕೇಳಿ, ಮೂರೂ ಉತ್ತರಗಳು ಹೊಂದುತ್ತವೆಯೇ ಎಂದು ನೋಡುತ್ತೇನೆ. ‘ದಿನವೂ ಕಟಕಟೆಯಲ್ಲಿ ನಿಂತ ಹಾಗಾಗುತ್ತದೆ’ ಎಂದು ಆಕೆ ಹೇಳಿದ್ದು ಇನ್ನೂ ಚುಚ್ಚುತ್ತಿದೆ.

ಬಾಲ್ಯದ ಪ್ರತಿಕೂಲ ಅನುಭವಗಳ ಕುರಿತ ಹತ್ತು ಪ್ರಶ್ನೆಗಳ ಪಟ್ಟಿಯೊಂದನ್ನು ಅಂತರಜಾಲದಲ್ಲಿ ತುಂಬಿದೆ. 5 ಅಂಕ ಬಂತು. ಅದೇ ಮನೆಯಲ್ಲಿ ಬೆಳೆದ ತಮ್ಮ ಮಾತ್ರ ಎಲ್ಲರೊಡನೆ ಬೆರೆತು ನಿರಾಳವಾಗಿದ್ದಾನೆ. ನನ್ನ ಅಪನಂಬಿಕೆ ಹುಟ್ಟುಗುಣವೇ, ಆಘಾತದ ಲಕ್ಷಣವೇ? ಈ ಅಂಕವನ್ನು ಎಷ್ಟರ ಮಟ್ಟಿಗೆ ನೆಚ್ಚಬಹುದು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಸಮಾಲೋಚಕಿ

ನಾನು ಆಪ್ತ ಸಮಾಲೋಚನೆಯ ಕೆಲಸದಲ್ಲಿದ್ದೇನೆ. ನಿಮ್ಮನ್ನು ಎದುರಿಗೆ ಕಾಣದೆ ರೋಗನಿರ್ಣಯ ಮಾಡುವುದು ತಪ್ಪಾಗುತ್ತದೆ. ಆದ್ದರಿಂದ ವಿಷಯವನ್ನಷ್ಟೇ ಬಿಡಿಸಿ ಹೇಳುತ್ತೇನೆ.

ಅಂಕದ ಮಾತು ಬೇಗ ಮುಗಿಯುವಂಥದ್ದು. ಆ ಪಟ್ಟಿಯ ಮೂಲ ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ. ಒಟ್ಟು 17,000ಕ್ಕೂ ಹೆಚ್ಚು ವಯಸ್ಕರು ಅದರಲ್ಲಿ ಪಾಲ್ಗೊಂಡಿದ್ದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಒಂದಾದರೂ ಪ್ರತಿಕೂಲ ಅನುಭವವನ್ನು, ಎಂಟರಲ್ಲಿ ಒಬ್ಬರು ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವಗಳನ್ನು ಹೇಳಿಕೊಂಡರು. ಬಗೆಗಳು ಹೆಚ್ಚಿದಷ್ಟೂ ಮುಂದಿನ ಕಾಯಿಲೆ, ಖಿನ್ನತೆ, ವ್ಯಸನಗಳ ಸಂಭವವೂ ಏರುತ್ತಾ ಹೋಯಿತು. ಆದರೆ ಇದು ದೊಡ್ಡ ಗುಂಪಿನ ಮಾತು. ಏಟು ಒಂದು ಸಲ ಬಿತ್ತೋ ದಿನವೂ ಬಿತ್ತೋ, ಆಗ ವಯಸ್ಸೆಷ್ಟಿತ್ತು, ಕಣ್ಣೊರೆಸುವವರು ಯಾರಾದರೂ ಇದ್ದರೋ ಎಂಬುದೊಂದನ್ನೂ ಆ ಅಂಕ ಕೇಳುವುದಿಲ್ಲ. ಒಬ್ಬ ವ್ಯಕ್ತಿಯ ಭವಿಷ್ಯವನ್ನು ಅಳೆಯಲು ಅದನ್ನು ಬಳಸಬಾರದೆಂದು ಸ್ವತಃ ಆಂಡಾ ಮತ್ತು ಸಂಗಡಿಗರೇ 2020ರಲ್ಲಿ ಬರೆದರು. ನಿಮ್ಮ 5 ಅಂಕವನ್ನು ಜಾತಕದಂತೆ ಓದಿಕೊಳ್ಳಬೇಡಿ.

ನಂಬಿಕೆಯ ವಿಚಾರ ಇದಕ್ಕಿಂತ ತೊಡಕಿನದು. ಹಸಿವಾದಾಗ, ಹೆದರಿದಾಗ ಯಾರಾದರೂ ಬಂದೇ ಬರುತ್ತಾರೆ ಎಂಬುದನ್ನು ಮಗು ಮಾತು ಕಲಿಯುವ ಮೊದಲೇ ಅನುಭವದಿಂದ ತಿಳಿಯುತ್ತದೆ. ಜಾನ್ ಬೌಲ್ಬಿ ಬಾಂಧವ್ಯ ಸಿದ್ಧಾಂತದಲ್ಲಿ ಹೇಳಿದ್ದು ಇದನ್ನೇ, ಇತರರ ಕುರಿತು ಹೀಗೆ ಮೂಡಿದ ಚಿತ್ರವೇ ಮುಂದಿನ ಸಂಬಂಧಗಳಿಗೂ ಅಳತೆಗೋಲಾಗುತ್ತದೆ ಎಂದು. ರಕ್ಷಿಸಬೇಕಾದವರೇ ಹೊಡೆದರೆ ಮಗುವಿಗೆ ಓಡಿಹೋಗಲು ಬೇರೆ ಮಡಿಲಿರುವುದಿಲ್ಲ. ಅಪರಿಚಿತರಿಂದ ಆದ ಹಾನಿಗಿಂತ ಆಪ್ತರಿಂದಾದ ದ್ರೋಹ ಬೇರೆಯೇ ಬಗೆಯಲ್ಲಿ ಕಾಡುತ್ತದೆ ಎಂಬುದು 1990ರ ದಶಕದಲ್ಲಿ ಜೆನಿಫರ್ ಫ್ರೈಡ್ ಮಂಡಿಸಿದ ವಾದ. ಅವಲಂಬಿಸಿದವರನ್ನು ಬಿಡಲಾಗದ ಮಗು, ಬದುಕಿ ಉಳಿಯಲು ಆ ದ್ರೋಹವನ್ನು ಕಾಣದಂತಿರುವುದನ್ನೇ ಕಲಿಯಬಹುದು. ಇದರಿಂದಾಗಿ ಮುಂದೆ ಕೆಲವರು ಯಾರನ್ನೂ ನಂಬದವರಾದರೆ, ಇನ್ನು ಕೆಲವರು ನಂಬಬಾರದವರನ್ನೇ ಮತ್ತೆ ಮತ್ತೆ ನಂಬುತ್ತಾರೆ. ಎರಡೂ ಕಡೆ ಕೆಟ್ಟಿರುವುದು ತಕ್ಕಡಿಯೇ. ಜನ ಎರಡನೆಯವರನ್ನು ‘ಪೆದ್ದರು’ ಎಂದು ಕರೆದು ಸುಮ್ಮನಾಗುವುದು ನನಗೆ ಸದಾ ಬೇಸರ ತರುತ್ತದೆ.

ಇನ್ನು ಲಕ್ಷಣವೇ ಎಂಬ ಪ್ರಶ್ನೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯ, ಅಂದರೆ ಪಿಟಿಎಸ್‌ಡಿಯ, ಲಕ್ಷಣಗಳನ್ನು ನಾಲ್ಕು ಗುಂಪಾಗಿ ಹೇಳಲಾಗಿದೆ. ಬೇಡವೆಂದರೂ ನುಗ್ಗಿ ಬರುವ ನೆನಪು ಮತ್ತು ದುಃಸ್ವಪ್ನ, ಅವನ್ನು ಕೆದಕುವಂಥದ್ದರಿಂದ ದೂರ ಓಡುವುದು, ಆಲೋಚನೆ ಮತ್ತು ಭಾವಗಳು ಕತ್ತಲಾಗುವುದು, ಸದಾ ಕಾವಲಿನಲ್ಲಿದ್ದಂತೆ ಬೆಚ್ಚುವುದು. ಇವುಗಳಲ್ಲಿ ಮೂರನೆಯ ಗುಂಪಿಗೆ ಕೊಟ್ಟ ಉದಾಹರಣೆಗಳಲ್ಲೇ ‘ಯಾರನ್ನೂ ನಂಬಲಾಗದು’ ಎಂಬ ನಂಬಿಕೆ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11, 2022ರಿಂದ ಜಾರಿಯಲ್ಲಿರುವ ಕಾಯಿಲೆಗಳ ವರ್ಗೀಕರಣ, ‘ಸಂಕೀರ್ಣ ಪಿಟಿಎಸ್‌ಡಿ’ಯನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ, ಭಾವೋದ್ವೇಗಗಳ ಮೇಲೆ ಹಿಡಿತ ತಪ್ಪುವುದು ಮತ್ತು ತಾನು ಕೆಲಸಕ್ಕೆ ಬಾರದವನೆಂಬ ಭಾವದೊಂದಿಗೆ, ಇತರರಿಗೆ ಹತ್ತಿರವಾಗಲು ಆಗದಿರುವುದೂ ಅದರ ಭಾಗ. ಹಾಗೆಂದು ಅಪನಂಬಿಕೆ ಒಂದನ್ನೇ ಹಿಡಿದು ಕಾಯಿಲೆಯ ಹೆಸರಿಡುವಂತಿಲ್ಲ. ಉಳಿದ ಲಕ್ಷಣಗಳೂ ಇದ್ದು, ಅವು ತಿಂಗಳಿಗೂ ಹೆಚ್ಚು ಕಾಲ ಉಳಿದು, ಬದುಕಿಗೆ ಅಡ್ಡಿಯಾಗಬೇಕು.

ಉತ್ತರ: ಅನುಮಾನದ ಓದುಗ

ಮೇಲಿನ ಮಾತುಗಳನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಹೇಳಬೇಕೆನಿಸಿತು. ಇಂಥ ಅಧ್ಯಯನಗಳಲ್ಲಿ ಹೆಚ್ಚಿನವು ವಯಸ್ಕರನ್ನು ಒಮ್ಮೆ ಕೂರಿಸಿ, ಅವರ ಬಾಲ್ಯವನ್ನೂ ಇಂದಿನ ಮನಸ್ಥಿತಿಯನ್ನೂ ಅದೇ ಹೊತ್ತಿನಲ್ಲಿ ಕೇಳುತ್ತವೆ. ಇಂದು ಕುಗ್ಗಿದ ಮನಸ್ಸು ನಿನ್ನೆಯನ್ನೂ ಕಪ್ಪಾಗಿಯೇ ನೆನೆಯಬಹುದು. ಬಾಲ್ಯದಲ್ಲೇ ದಾಖಲಾದ ದೌರ್ಜನ್ಯ ಮತ್ತು ದೊಡ್ಡವರಾದ ಮೇಲೆ ನೆನೆದು ಹೇಳಿದ ದೌರ್ಜನ್ಯ, ಇವೆರಡನ್ನೂ ಹೋಲಿಸಿದ ಅಧ್ಯಯನಗಳನ್ನು 2019ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಅವುಗಳ ನಡುವಿನ ತಾಳೆ ತೀರಾ ಕಡಿಮೆಯಿತ್ತು. ಯಾರೋ ಸುಳ್ಳು ಹೇಳಿದರೆಂದು ಇದರರ್ಥವಲ್ಲ. ಎಷ್ಟೋ ಸಂಕಟಗಳು ದಾಖಲೆಗೇ ಬರುವುದಿಲ್ಲ, ದಾಖಲೆಯಲ್ಲಿದ್ದವೂ ಎಷ್ಟೋ ನೆನಪಿನಿಂದ ಜಾರಿಹೋಗಿರುತ್ತವೆ.

ತಮ್ಮನ ವಿಚಾರಕ್ಕೆ ಬಂದರೆ, ಒಂದೇ ಸೂರಿನಡಿ ಬೆಳೆದ ಇಬ್ಬರ ಬಾಲ್ಯ ಒಂದೇ ಆಗಿರಬೇಕಿಲ್ಲ. ಏಟು ನಿಮ್ಮ ಬೆನ್ನಿಗೆ ಬೀಳುವಾಗ ಅವರು ನಿಮ್ಮ ಹಿಂದೆ ಅಡಗಿದ್ದಿರಬಹುದು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಹಲವು ಸಂಕಷ್ಟಗಳ ನಡುವೆ ಹುಟ್ಟಿದವರಲ್ಲೂ ಸುಮಾರು ಮೂರನೆಯ ಒಂದು ಪಾಲು ಜನ ಗಟ್ಟಿಯಾಗಿ ಬೆಳೆದು ನಿಂತರು. ಮನೆಯೊಳಗೋ ಹೊರಗೋ ನೆಚ್ಚಬಹುದಾದ ಒಬ್ಬ ಹಿರಿಯರಾದರೂ ಅವರಿಗಿದ್ದದ್ದು ಎದ್ದು ಕಂಡ ಕಾರಣಗಳಲ್ಲೊಂದು. ನಿಮ್ಮ ತಮ್ಮನಿಗೆ ಆ ಒಬ್ಬ ಹಿರಿಯ ನೀವೇ ಆಗಿದ್ದಿರಬಹುದೇ ಎಂದು ಕೇಳಬೇಕೆನಿಸುತ್ತದೆ.

ಮರುಮಾತು: ಎಚ್ಚರನಿದ್ದೆ

ಇಬ್ಬರಿಗೂ ಕೃತಜ್ಞತೆಗಳು. ತಮ್ಮನ ಕುರಿತ ಕೊನೆಯ ವಾಕ್ಯವನ್ನು ಓದಿ ಸ್ವಲ್ಪ ಹೊತ್ತು ಎದ್ದು ಹೋಗಬೇಕಾಯಿತು. ಚಿಕಿತ್ಸೆಗೆ ಹೋಗಬೇಕೆಂಬ ಮನಸ್ಸು ಇದೆ, ಆದರೆ ಚಿಕಿತ್ಸಕರನ್ನೇ ನಂಬಲಾಗದವನು ಅಲ್ಲಿಗೆ ಹೋಗಿ ಮಾಡುವುದೇನು?

ಉತ್ತರ: ಸಮಾಲೋಚಕಿ

ಗಂಟು ಬಿದ್ದಿರುವುದು ಅಲ್ಲಿಯೇ. ಆಘಾತದ ನಂತರ ಜೊತೆ ನಿಲ್ಲುವವರಿಲ್ಲದಿರುವುದು ಪಿಟಿಎಸ್‌ಡಿಗೆ ದಾರಿ ಮಾಡುವ ಪ್ರಬಲ ಕಾರಣಗಳಲ್ಲೊಂದೆಂದು ಹಲವು ಸಂಶೋಧನೆಗಳು ಕಂಡಿವೆ. ಅಪನಂಬಿಕೆಯೋ ಜೊತೆ ನಿಲ್ಲಲು ಬಂದವರನ್ನೇ ದೂರ ತಳ್ಳುತ್ತದೆ, ದೂರವಾದವರನ್ನು ಕಂಡು ‘ನೋಡಿದೆಯಾ, ನಾನು ಹೇಳಿರಲಿಲ್ಲವೇ’ ಎನ್ನುತ್ತದೆ. ಗಾಯದಿಂದ ಅಪನಂಬಿಕೆ ಹುಟ್ಟಿತೋ, ಅಪನಂಬಿಕೆಯಿಂದ ಗಾಯ ಮಾಯದೆ ಉಳಿಯಿತೋ ಎಂದು ಬಿಡಿಸಿ ಹೇಳುವುದು ಇದರಿಂದಲೇ ಕಷ್ಟ.

ಚಿಕಿತ್ಸೆಗೆ ಮೊದಲು ನಂಬಿಕೆ ಇರಲೇಬೇಕೆಂದಿಲ್ಲ. ಆಘಾತಕ್ಕೆಂದೇ ರೂಪಿಸಿದ ಚಿಕಿತ್ಸಾ ಕ್ರಮಗಳಲ್ಲಿ ಒಂದು, ಆಘಾತದಿಂದ ಮೂಡಿದ ನಂಬಿಕೆಗಳನ್ನು ಒರೆಗೆ ಹಚ್ಚಿ ನೋಡುವಂಥದ್ದು. ಸುರಕ್ಷತೆ, ನಂಬಿಕೆ, ಹಿಡಿತ, ಗೌರವ, ಆಪ್ತತೆ ಎಂಬ ಐದು ವಿಷಯಗಳನ್ನು ಅದು ಒಂದೊಂದಾಗಿ ಎತ್ತಿಕೊಳ್ಳುತ್ತದೆ. ನಂಬುವುದು ಅಥವಾ ನಂಬದಿರುವುದು ಎಂಬ ಎರಡೇ ಮನೆಗಳಿಲ್ಲ, ಹಣದ ವಿಷಯದಲ್ಲಿ ನಂಬಲಾಗದವರನ್ನು ಗುಟ್ಟಿನ ವಿಷಯದಲ್ಲಿ ನಂಬಬಹುದು ಎಂಬಷ್ಟು ಸೂಕ್ಷ್ಮವಾಗಿ ಅಲ್ಲಿ ವಿಂಗಡಿಸುವುದನ್ನು ಕಲಿಯುತ್ತಾರೆ. ಮೊದಲ ಭೇಟಿಯಲ್ಲಿ ‘ನನಗೆ ನಿಮ್ಮ ಮೇಲೆ ನಂಬಿಕೆಯಿಲ್ಲ, ಹೇಳಿದ್ದನ್ನು ಯಾರಿಗೆ ಹೇಳುತ್ತೀರಿ, ಎಲ್ಲಿ ಬರೆದಿಡುತ್ತೀರಿ’ ಎಂದು ನೇರವಾಗಿ ಕೇಳಿ. ಒಳ್ಳೆಯ ಚಿಕಿತ್ಸಕರು ನೊಂದುಕೊಳ್ಳದೆ ಉತ್ತರಿಸುತ್ತಾರೆ. ಮುನಿಸಿಕೊಂಡರೆ ಬೇರೊಬ್ಬರನ್ನು ನೋಡಿ. ಆಗ ನಿಮ್ಮ ಅನುಮಾನವೇ ಸರಿಯಾಗಿ ಕೆಲಸ ಮಾಡಿರುತ್ತದೆ. ಸಾಧ್ಯವಾದರೆ, ಹೆಂಡತಿಯವರಿಗೆ ಈ ಚರ್ಚೆಯನ್ನು ಒಮ್ಮೆ ಓದಲು ಕೊಡಿ.